ಎರೆ ಹೊಲದಿಂದ ಎದ್ದ ಹದಿನಾರು ಅಸ್ಥಿಪಂಜರ

ಪೆಟ್ಟಿಗೆ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂತು. ಏಪ್ರಿಲ್ ಮೊದಲ ವಾರ. ಬೆಳಿಗ್ಗೆ ಆರಕ್ಕೇ ಬಸ್ ನಿಲ್ದಾಣಕ್ಕೆ ಹೋಗಿ ಇಳಿಸಿಕೊಂಡೆ. ಎತ್ತಿದ ಕೂಡಲೇ ಒಳಗೆ ಗಲಗಲ ಸದ್ದು. ಹಳೆಯ ಮಿನಿಯೇಚರ್, ಅಂದರೆ ಯುದ್ಧದ ಆಟದ ಪುಟ್ಟ ಗೊಂಬೆ, ಕೊಳ್ಳುವವರಿಗೆ ಈ ಸದ್ದಿನ ಅರ್ಥ ಗೊತ್ತು. ಯಾವುದೋ ಕೈಯೋ ಕತ್ತಿಯೋ ಮುರಿದು ತಳಕ್ಕೆ ಬಿದ್ದಿದೆ.

ಮಾರಿದವರು ವಿದೇಶಕ್ಕೆ ಹೊರಟು ನಿಂತಿದ್ದರು. ಹತ್ತು ಹನ್ನೆರಡು ವರ್ಷ ಅಟ್ಟದ ಮೇಲೆ ಧೂಳು ತಿಂದ ಸಾಮಾನು. "ಎಲ್ಲ ಸೇರಿ 4,000 ಕೊಡಿ, ಲೆಕ್ಕ ಮಾತ್ರ ಕೇಳ್ಬೇಡಿ" ಅಂದಿದ್ದರು. ಅಂಗಡಿಗೆ ತಂದು ಲೆಕ್ಕ ನಾನೇ ಹಾಕಿದೆ. ಪ್ಲಾಸ್ಟಿಕ್ಕಿನ ಅಸ್ಥಿಪಂಜರ ಸೈನಿಕರು 16. ಲೋಹದ ಗಡ್ಡದ ಕುಳ್ಳರು 5. ರೆಸಿನ್‌ನ, ಅಂದರೆ ಅಚ್ಚಿಗೆ ಸುರಿದು ಗಟ್ಟಿ ಮಾಡಿದ ರಾಳದ, ಟ್ರೋಲ್ 1. ನಮ್ಮ ಕಡೆಯ ರಾಕ್ಷಸ ಅಂದುಕೊಳ್ಳಿ. ಜೊತೆಗೆ ಒಂದು ಹಿಡಿ ಬಿಡಿ ಕೈ, ಗುರಾಣಿ, ತಲೆಬುರುಡೆ.

ಇದು ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1983ರಲ್ಲಿ ವಾರ್‌ಹ್ಯಾಮರ್ ಅನ್ನುವ ಯುದ್ಧದ ಆಟ ತಂದಿತು. ಬೋರ್ಡ್ ಇಲ್ಲ, ಮನೆಗಳಿಲ್ಲ. ಟೇಬಲ್ ಮೇಲೆ ಸೈನ್ಯ ನಿಲ್ಲಿಸಿ, ಟೇಪಿನಲ್ಲಿ ಇಂಚು ಅಳೆದು ನಡೆಸಿ, ದಾಳ ಹಾಕಿ ಹೊಡೆದಾಡಿಸುವುದು. ಸೈನಿಕರನ್ನು ಬಿಡಿ ಭಾಗಗಳಲ್ಲಿ ಕೊಂಡು, ಅಂಟಿಸಿ, ಬಣ್ಣವನ್ನು ನಾವೇ ಹಚ್ಚಬೇಕು. ಮನುಷ್ಯ ಗಾತ್ರದ ಗೊಂಬೆ ಸುಮಾರು 28 ಮಿಲಿಮೀಟರ್ ಎತ್ತರ. ಹೆಬ್ಬೆರಳಿನ ಅರ್ಧ ಅನ್ನಿ. 2015ರಲ್ಲಿ ಕಂಪನಿ ಆ ಹಳೆಯ ಲೋಕವನ್ನೇ ಕಥೆಯಲ್ಲಿ ನಾಶ ಮಾಡಿ ಹೊಸ ಆಟ ತಂದಿತು. ಕಾಲಡಿಯ ಚೌಕ ಬೇಸ್ ಹೋಗಿ ದುಂಡು ಬೇಸ್ ಬಂತು. 2024ರಲ್ಲಿ ಹಳೆಯ ಲೋಕ ಮತ್ತೆ ಬಂತು, ಚೌಕ ಬೇಸೂ ಬಂತು. ಹಾಗಾಗಿ ಅಟ್ಟದ ಮೇಲಿನ ಚೌಕ ಕಾಲಿನವರಿಗೆಲ್ಲ ಈಗ ಮತ್ತೆ ಬೆಲೆ.

ನನ್ನ ಕಸುಬು ಮೊಬೈಲ್ ರಿಪೇರಿ. ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಸಣ್ಣ ಅಂಗಡಿ. ಈ ಹವ್ಯಾಸಕ್ಕೆ ಬೇಕಾದ ಮುಕ್ಕಾಲು ಸಾಮಾನು ನನ್ನ ಟೇಬಲ್ ಮೇಲೆ ಮೊದಲೇ ಇತ್ತು. ಭೂತಗನ್ನಡಿ ಲೈಟು, ಟ್ವೀಜರ್, ಹಳೆಯ ಟೂತ್‌ಬ್ರಷ್, ಮೊಬೈಲ್ ಸರ್ಕ್ಯೂಟ್ ಬೋರ್ಡ್ ತೊಳೆಯುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್), ಅಲ್ಟ್ರಾಸಾನಿಕ್ ಕ್ಲೀನರ್. ಇಲ್ಲದಿದ್ದುದು ತಾಳ್ಮೆ ಒಂದೇ.

ಹಳೆಯ ಬಣ್ಣ ತೆಗೆದು, ಮುರಿದದ್ದು ಕೂಡಿಸಿ, ಹೊಸ ಬಣ್ಣ ಹಚ್ಚುವುದು ನನ್ನ ಲೆಕ್ಕಾಚಾರ. ಮೊದಲ ಕೆಲಸ, ಯಾವುದು ಯಾವ ವಸ್ತು ಅಂತ ಬೇರೆ ಮಾಡುವುದು. ಇಲ್ಲಿ ಎಡವಿದರೆ ಮುಂದೆಲ್ಲ ಎಡವಟ್ಟು. ಗ್ರಾನೈಟ್ ಕಟ್ಟೆ ಮೇಲೆ ಮೆಲ್ಲಗೆ ತಟ್ಟಿದರೆ ಲೋಹ ಠಣ್ ಅನ್ನುತ್ತದೆ, ಪ್ಲಾಸ್ಟಿಕ್ ಟಕ್ ಅನ್ನುತ್ತದೆ, ರೆಸಿನ್‌ದು ಮಂಕು ಸದ್ದು. ಕುಳ್ಳರ ಕಾಲಡಿಯ ಲೋಹದ ಪಟ್ಟಿ ಮೇಲೆ 1987 ಅಂತ ಅಚ್ಚಾಗಿತ್ತು. ನೋಡಿ ಖುಷಿಯೂ ಆಯಿತು, ಎಚ್ಚರವೂ ಆಯಿತು. ಆ ಕಾಲದ ಲೋಹದ ಗೊಂಬೆಗಳಲ್ಲಿ ಸೀಸ ಇರುತ್ತಿತ್ತು. ಸೀಸವಿಲ್ಲದ ಬಿಳಿ ಲೋಹ ಬಂದದ್ದು 1990ರ ದಶಕದ ಕೊನೆಗೆ. ಅದಕ್ಕೇ ಕುಳ್ಳರಿಗೆ ಬೇರೆ ಡಬ್ಬಿ. ಅವರನ್ನು ಒಣಗಿದ್ದಾಗ ಅರದಲ್ಲಿ ಉಜ್ಜುವುದಿಲ್ಲ, ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯದೆ ಚಹಾ ಲೋಟ ಹಿಡಿಯುವುದಿಲ್ಲ. ಅಕ್ಕನ ಮಗ ಸಂಜೆ ಅಂಗಡಿಗೆ ಬಂದು ಕೂರುತ್ತಾನೆ. ಅವನಿಗೆ ಕುಳ್ಳರನ್ನು ಬರೀ ಕಣ್ಣಲ್ಲಿ ನೋಡುವ ಪರವಾನಗಿ.

ಇಷ್ಟೆಲ್ಲ ಬೇರೆ ಮಾಡಿಟ್ಟೂ ಮೊದಲ ದಿನವೇ ತಪ್ಪು ಮಾಡಿದೆ. ಗಿರಾಕಿ ಜೊತೆ ಮಾತಾಡುತ್ತಾ ಕೈ ಹಾಕಿದ ಬಾಟಲಿ ಐಪಿಎ ಅಲ್ಲ, ಅಸಿಟೋನ್. ಎರಡೂ ನೀರಿನ ಹಾಗೇ ಕಾಣುತ್ತವೆ. ಅದರೊಳಗೆ ಒಂದು ಅಸ್ಥಿಪಂಜರ ಬಿಟ್ಟೆ. ಗಿರಾಕಿ ಹೋಗಿ, ತಿರುಗಿ ನೋಡುವಷ್ಟರಲ್ಲಿ ಸೊಂಟದ ಕೆಳಗೆ ಮುದ್ದೆ. ರಾಗಿ ಮುದ್ದೆ ಅಂತಲೇ ಅನ್ನಬಹುದು, ಬಣ್ಣವೂ ಹಾಗೇ ಇತ್ತು. ಈ ಗೊಂಬೆಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅಸಿಟೋನ್ ಅದನ್ನು ಕರಗಿಸುತ್ತದೆ. ಲೋಹಕ್ಕೆ ಮಾತ್ರ ಅಸಿಟೋನ್ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಬಂತು, ಬಾಟಲಿಗೆ ಚೀಟಿ ಹಚ್ಚಿರಲಿಲ್ಲ. ಈಗ ಅಸಿಟೋನ್ ಬಾಟಲಿಗೆ ಕೆಂಪು ಟೇಪ್ ಸುತ್ತಿದ್ದೇನೆ. ಆ ಮುದ್ದೆಯನ್ನು ಎಸೆಯಲು ಮನಸ್ಸು ಬರಲಿಲ್ಲ. ಮೇಲಿನ ಎದೆಗೂಡು, ತಲೆ, ಒಂದು ಕೈ ಚೆನ್ನಾಗೇ ಇದ್ದವು. ಡ್ರಾಯರ್‌ಗೆ ಹಾಕಿದೆ.

ಎರಡನೇ ಪ್ರಯೋಗ ಡೆಟಾಲ್. ಹಳೆಯ ಆಟಗಾರರು ಹೇಳುವ ಉಪಾಯ ಇದು. ಪ್ಲಾಸ್ಟಿಕ್‌ಗೆ ಏನೂ ಆಗುವುದಿಲ್ಲ, ಒಂದು ರಾತ್ರಿ ಮುಳುಗಿಸಿಟ್ಟರೆ ಅಕ್ರಿಲಿಕ್ ಬಣ್ಣ ಸಡಿಲ ಆಗುತ್ತದೆ. ಕಂಪನಿ ಅದನ್ನು ಮಾಡಿರುವುದು ಗಾಯ ತೊಳೆಯಲು, ರಾಕ್ಷಸರನ್ನು ತೊಳೆಯಲು ಅಲ್ಲ ಅನ್ನೋದು ಬೇರೆ ಮಾತು. ಇಲ್ಲಿ ಒಂದು ನಿಯಮ ಇದೆ. ಡೆಟಾಲ್‌ನಿಂದ ತೆಗೆದ ಗೊಂಬೆಗೆ ನೀರು ತಗಲಬಾರದು. ಮೊದಲು ಡೆಟಾಲ್‌ನಲ್ಲೇ ಬ್ರಷ್ ಅದ್ದಿ ಉಜ್ಜಬೇಕು. ಬಣ್ಣ ಪೂರ್ತಿ ಹೋದ ಮೇಲೆ ಇನ್ನೊಂದು ಬಟ್ಟಲು ಹೊಸ ಡೆಟಾಲ್‌ನಲ್ಲಿ ಜಾಲಿಸಬೇಕು. ನೀರು ಕೊನೆಗೆ. ನಾನು ನೇರ ನಲ್ಲಿ ಕೆಳಗೆ ಹಿಡಿದೆ. ಕರಗಿದ್ದ ಬಣ್ಣ ಹಲಸಿನ ಮೇಣದ ಹಾಗೆ ಆಯಿತು. ಬ್ರಷ್, ಕೈ, ಸಿಂಕು, ಎಲ್ಲ ಕಡೆ ಅಂಟು. ಜೊತೆಗೆ ಇಡೀ ಅಂಗಡಿ ಎರಡು ದಿನ ಆಸ್ಪತ್ರೆ ವಾಸನೆ. ಬಂದ ಗಿರಾಕಿಗಳೆಲ್ಲ "ಯಾರಿಗೆ ಏನಾಗೇತ್ರೀ?" ಅಂತ ಕೇಳುವವರೇ.

ಕೊನೆಗೆ ನಂಬಿದ್ದು ನನ್ನ ಹಳೆಯ ಐಪಿಎಯನ್ನೇ. 99 ಪರ್ಸೆಂಟ್‌ದು. ಮುಚ್ಚಳ ಇರುವ ಗಾಜಿನ ಭರಣಿ, ಒಂದು ಸಲಕ್ಕೆ ಐದೈದು ಅಸ್ಥಿಪಂಜರ, ಅರ್ಧ ಗಂಟೆ ನೆನೆ, ಮೆತ್ತನೆ ಟೂತ್‌ಬ್ರಷ್. ಪಕ್ಕೆಲುಬಿನ ಸಂದಿಗೆ ಹಲ್ಲುಕಡ್ಡಿ. ಒಂದೇ ಸಲಕ್ಕೆ ಎಲ್ಲ ಹೋಗುವುದಿಲ್ಲ, ಎರಡು ಮೂರು ಸುತ್ತು ಬೇಕು. ಆಮೇಲೂ ಸಂದಿಯಲ್ಲಿ ಉಳಿದ ಚೂರನ್ನು ಅಲ್ಟ್ರಾಸಾನಿಕ್ ಕ್ಲೀನರ್ ತೆಗೆಯಿತು. ಅದರೊಳಗೆ ಪಾತ್ರೆ ಸೋಪಿನ ನೀರು ಮಾತ್ರ ಹಾಕಿ. ಐಪಿಎ ಹಾಕಿ ಚಾಲೂ ಮಾಡಿದರೆ ಆವಿ ಎದ್ದು ಬೆಂಕಿ ಹೊತ್ತಿಕೊಳ್ಳುವ ಅಪಾಯ ಇದೆ. ಸೋಲ್ಡರಿಂಗ್ ಐರನ್, ಹಾಟ್ ಏರ್ ಇರುವ ಟೇಬಲ್ ಮೇಲಂತೂ ಐಪಿಎ ಭರಣಿ ತೆರೆದಿಡಬೇಡಿ. ರೆಸಿನ್ ಟ್ರೋಲನ್ನು ಹೆಚ್ಚು ಹೊತ್ತು ನೆನೆಸಲು ಧೈರ್ಯ ಆಗಲಿಲ್ಲ. ಹತ್ತತ್ತು ನಿಮಿಷ ಅದ್ದಿ, ಉಜ್ಜಿ, ಒಣಗಿಸಿ, ಮತ್ತೆ ಅದ್ದಿ.

ಈಗ ಕುಳ್ಳರ ಕಥೆ. ಇದು ನನಗೆ ಇನ್ನೂ ಚುಚ್ಚುತ್ತದೆ.

ಅವರ ಮೇಲೆ ಬಣ್ಣ ದಪ್ಪಗೆ, ಗೋಡೆಗೆ ಸುಣ್ಣ ಬಳಿದ ಹಾಗೆ ಇತ್ತು. ಗಡ್ಡದ ಗೆರೆ ಕೂಡ ಕಾಣುತ್ತಿರಲಿಲ್ಲ. ಐಪಿಎಯಲ್ಲಿ ಸ್ವಲ್ಪ ಹೋಗಿ, ಅಡಿಯಲ್ಲಿ ಇನ್ನೊಂದು ಪದರ ಹಠ ಹಿಡಿದು ಕೂತಿತು. ಹಳೆಯ ಎನಾಮೆಲ್, ಅಂದರೆ ಎಣ್ಣೆ ಬಣ್ಣ, ಇರಬೇಕು ಅಂತ ಅಂದಾಜಾಯಿತು. ಲೋಹ ತಾನೆ, ಹೆದರಿಕೆ ಏನು ಅಂತ ನಾಲ್ವರನ್ನು ಅಸಿಟೋನ್ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ ಮನೆಗೆ ಹೋದೆ. ಐದನೆಯವನಿಗೆ ಡಬ್ಬಿಯಲ್ಲಿ ಜಾಗ ಇರಲಿಲ್ಲ. ಬೆಳಿಗ್ಗೆ ನಾಲ್ವರೂ ಹೊಸ ನಾಣ್ಯದ ಹಾಗೆ ಹೊಳೆಯುತ್ತಿದ್ದರು. ತಳದಲ್ಲಿ ಕಂದು ಬಗ್ಗಡ.

ಮಧ್ಯಾಹ್ನ ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ, ಗಿರಾಕಿಯೂ ಇರಲಿಲ್ಲ. ಸುಮ್ನೆ ಕೂರುವ ಬದಲು ಐದನೆಯವನನ್ನು ತೆಗೆದುಕೊಂಡು ಹತ್ತಿ ಕಡ್ಡಿಗೆ ಐಪಿಎ ಮುಟ್ಟಿಸಿ ಮುಖ ಒರೆಸಿದೆ. ಮೇಲಿನ ಬೂದು ಬಣ್ಣ ಎದ್ದು ಬಂತು. ಕೆಳಗೆ ಒಂದು ಮುಖ. ಕೆನ್ನೆ ಮೇಲೆ ತೆಳು ಕೆಂಪು, ಮೂಗಿನ ತುದಿಯಲ್ಲಿ ಬೆಳಕು. ಕಣ್ಣು ಸಾಸಿವೆಗಿಂತ ಚಿಕ್ಕದು, ಅದರೊಳಗೆ ಕಪ್ಪು, ಕಪ್ಪಿನೊಳಗೆ ಬಿಳಿ ಚುಕ್ಕೆ. ಗುರಾಣಿ ಒರೆಸಿದೆ. ಸುತ್ತಿಗೆಯ ಚಿತ್ರ, ಸುತ್ತ ಕೂದಲೆಳೆಯಂಥ ಮೂರು ಗೆರೆ. ಯಾರೋ ಎಷ್ಟೋ ವರ್ಷದ ಹಿಂದೆ ಕೂತು ಉಸಿರು ಬಿಗಿಹಿಡಿದು ಬರೆದದ್ದು. ಆಮೇಲೆ ಇನ್ಯಾರೋ, ಅವರ ತಮ್ಮನೋ ಮಗನೋ, ಅದರ ಮೇಲೆ ಬೂದು ಬಳಿದಿದ್ದರು. ಮೇಲಿನದು ಅಕ್ರಿಲಿಕ್, ಐಪಿಎಗೆ ಬಗ್ಗಿತು. ಕೆಳಗಿನದು ಎನಾಮೆಲ್, ಬಗ್ಗಲಿಲ್ಲ. ಹಾಗಾಗಿ ಉಳಿಯಿತು.

ಡಬ್ಬಿಯ ತಳದ ಬಗ್ಗಡ ನೋಡಿದೆ. ಉಳಿದ ನಾಲ್ವರ ಮುಖವೂ ಹಾಗೇ ಇತ್ತೋ ಏನೋ. ಈಗ ಯಾರನ್ನು ಕೇಳೋದು? ಮಾರಿದವರಿಗೆ ಫೋಟೋ ಕಳಿಸಿದೆ. ಅವರೂ ಸೆಕೆಂಡ್ ಹ್ಯಾಂಡ್‌ನಲ್ಲೇ ಕೊಂಡಿದ್ದರಂತೆ. ಅಂದಿನಿಂದ ನನ್ನ ರೂಢಿ ಬದಲಾಯಿತು. ಯಾವುದನ್ನೇ ಆಗಲಿ ಮುಳುಗಿಸುವ ಮೊದಲು ಬೆನ್ನಿನ ಮೇಲೆ ಒಂದು ಕಡೆ ಹತ್ತಿ ಕಡ್ಡಿ, ಮುಖದ ಮೇಲೆ ಒಂದು ಕಡೆ ಹತ್ತಿ ಕಡ್ಡಿ. ಐದು ನಿಮಿಷದ ಕೆಲಸ. ಐದನೆಯವನಿಗೆ ನಾನು ಬಣ್ಣ ಹಚ್ಚಲಿಲ್ಲ. ಕಾಲಿನ ಹತ್ತಿರ ಕಿತ್ತು ಹೋಗಿದ್ದ ಜಾಗ ಕೂಡ ಹಾಗೇ ಬಿಟ್ಟಿದ್ದೇನೆ.

ಇನ್ನು ಅಂಟು ಬಿಡಿಸುವುದು. ಹಳೆಯ ಒಡೆಯರು ಅಸ್ಥಿಪಂಜರಗಳ ಕೈಗಳನ್ನು ಅಡ್ಡಾದಿಡ್ಡಿ ಅಂಟಿಸಿದ್ದರು. ಒಬ್ಬನ ಬಲಗೈ ಎಡಕ್ಕಿತ್ತು. ಫೆವಿಕ್ವಿಕ್ ಥರದ ಅಂಟು ಚಳಿಗೆ ಪೆಡಸಾಗುತ್ತದೆ. ಎರಡು ಗಂಟೆ ಫ್ರೀಜರ್‌ನಲ್ಲಿಟ್ಟು ತೆಗೆದು ತಿರುವಿದರೆ ಟಕ್ ಅಂತ ಬಿಡುತ್ತದೆ. ಅಂಗಡಿಯಲ್ಲಿ ಫ್ರಿಜ್ ಇಲ್ಲ. ಡಬ್ಬಿಗೆ ಹಾಕಿ ಮನೆ ಫ್ರೀಜರ್‌ನಲ್ಲಿ ಇಟ್ಟೆ. ಅವ್ವ ಐಸ್ ತೆಗೆಯಲು ಹೋಗಿ ಡಬ್ಬಿ ತೆರೆದಳು.

"ಏನೋ ಇದು, ಫ್ರಿಜ್ಜಿನಾಗ ಹೆಣ ಇಟ್ಟೀ?"

"ಹೆಣ ಅಲ್ಲವ್ವ, ಬರೀ ಎಲುಬು."

"ಮೊದ್ಲು ತೆಗಿ ಹೊರಗ. ಅಮಾಸಿ ಐತಿ ಇವತ್ತು."

ಅಷ್ಟೊತ್ತಿಗೆ ಎರಡು ಗಂಟೆ ಆಗಿತ್ತು, ಪುಣ್ಯ. ಒಂಬತ್ತು ಕೈ ಬಿಟ್ಟವು. ಮೂರು ಬಿಡಲಿಲ್ಲ. ಅವನ್ನು ಪ್ಲಾಸ್ಟಿಕ್ ಸಿಮೆಂಟ್‌ನಲ್ಲಿ ಅಂಟಿಸಿದ್ದರು. ಅದು ಅಂಟಲ್ಲ, ಬೆಸುಗೆ. ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದು ಮಾಡುತ್ತದೆ. ಅದಕ್ಕೆ ಸಣ್ಣ ಗರಗಸವೇ ಗತಿ. ಬಲಗೈ ಎಡಕ್ಕಿದ್ದವನನ್ನು ಮಾತ್ರ ಹಾಗೇ ಬಿಟ್ಟೆ. ಸತ್ತು ಎದ್ದವನಿಗೆ ಎಡ ಬಲ ಯಾವ ಲೆಕ್ಕ.

ಮುರಿದದ್ದನ್ನು ಕೂಡಿಸುವಾಗ ಲೋಹಕ್ಕೆ ಬರೀ ಅಂಟು ಸಾಲದು. ತೂಕಕ್ಕೆ ಮತ್ತೆ ಬೀಳುತ್ತದೆ. ಕುಳ್ಳನ ತೋಳಿಗೂ ಭುಜಕ್ಕೂ ಕೈಡ್ರಿಲ್‌ನಲ್ಲಿ 1 ಮಿಲಿಮೀಟರ್ ತೂತು ಹಾಕಿ, ನಡುವೆ ಪೇಪರ್ ಕ್ಲಿಪ್ಪಿನ ತುಂಡು ಸೇರಿಸಿದೆ. ಎರಡು ತೂತು ಒಂದೇ ನೇರಕ್ಕೆ ಬರಬೇಕಲ್ಲ, ಅದಕ್ಕೆ ಒಂದು ಕಡೆ ಬಣ್ಣದ ಚುಕ್ಕೆ ಇಟ್ಟು ಒತ್ತಿದರೆ ಇನ್ನೊಂದು ಕಡೆ ಗುರುತು ಬೀಳುತ್ತದೆ. ಸಂದು ತುಂಬಲು ಹೊರದೇಶದವರು ಗ್ರೀನ್ ಸ್ಟಫ್ ಅನ್ನುವ ಹಸಿರು ಪುಟ್ಟಿ ಬಳಸುತ್ತಾರೆ. ನಾನು ಬಳಸಿದ್ದು ನಲ್ಲಿ ಸೋರಿಕೆಗೆ ಹಚ್ಚುವ ಎಂ-ಸೀಲ್. ಎರಡೂ ಎಪಾಕ್ಸಿ ಪುಟ್ಟಿಯೇ. ಗ್ರೀನ್ ಸ್ಟಫ್ ಒಣಗಿದ ಮೇಲೂ ಸ್ವಲ್ಪ ಬಳುಕುತ್ತದೆ, ಎಂ-ಸೀಲ್ ಕಲ್ಲಾಗುತ್ತದೆ. ಉಜ್ಜಿ ನುಣುಪು ಮಾಡಲು ಕಲ್ಲಾಗುವುದೇ ಒಳ್ಳೆಯದು. ತಿದ್ದುವಾಗ ಸೂಜಿಗೆ ನೀರು ಮುಟ್ಟಿಸಿಕೊಳ್ಳಿ, ಎಣ್ಣೆ ಬೇಡ. ಎಣ್ಣೆ ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಇನ್ನೊಂದು ಮಾತು, ಬೇಸಿಗೆಯಲ್ಲಿ ಇದು ಬೇಗ ಗಟ್ಟಿಯಾಗುತ್ತದೆ. ಕಡಲೆಕಾಳಷ್ಟು ಮಾತ್ರ ಕಲಸಿ. ಕುಳ್ಳನ ಕಳೆದುಹೋದ ಕೊಡಲಿಯ ಹಿಡಿ ಈಗ ಒಂದು ಗುಂಡುಸೂಜಿ. ಟ್ರೋಲ್‌ನ ಡೊಂಕಾಗಿದ್ದ ಈಟಿಯನ್ನು ಬಿಸಿನೀರಿನಲ್ಲಿ ಅದ್ದಿ ನೇರ ಮಾಡಿ, ತಕ್ಷಣ ತಣ್ಣೀರಿಗೆ ಹಾಕಿದೆ. ನಿಂತಿತು.

ಇಲ್ಲಿಯವರೆಗೆ ಓದಿ ಕಲಿತದ್ದು ನಡೆಯಿತು. ಪ್ರೈಮರ್, ಅಂದರೆ ಮೇಲಿನ ಬಣ್ಣ ಹಿಡಿಯಲಿ ಅಂತ ಮೊದಲು ಹೊಡೆಯುವ ತಳಬಣ್ಣ, ಹೊಡೆಯಲು ಹೋದಾಗ ಕೈಕೊಟ್ಟಿತು.

ಈ ಹವ್ಯಾಸದ ಸಲಹೆಗಳೆಲ್ಲ ಹುಟ್ಟಿದ್ದು ತಂಪು ದೇಶದಲ್ಲಿ. ಸ್ಪ್ರೇ ಡಬ್ಬಿಯನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟುಕೊಳ್ಳಿ, ಥಂಡಿ ಇರುವಾಗ ಹೊಡೆಯಬೇಡಿ, ಬಿಸಿಲಿನ ದಿನ ನೋಡಿ ಹೊಡೆಯಿರಿ ಅಂತ ಬರೆದಿರುತ್ತಾರೆ. ಬಿಸಿಲಿನ ದಿನ! ಬಳ್ಳಾರಿಯಲ್ಲಿ ಏಪ್ರಿಲ್ ಅಂದರೆ 40 ಡಿಗ್ರಿ ದಾಟುವುದು ಮಾಮೂಲು. ಸಂಜೆ ನಾಲ್ಕಕ್ಕೆ ಮಾಳಿಗೆ ಮೇಲೆ ಆರು ಅಸ್ಥಿಪಂಜರ ಸಾಲಾಗಿ ನಿಲ್ಲಿಸಿ ಒಂದಡಿ ದೂರದಿಂದ ಹೊಡೆದೆ. ಕೈಯಲ್ಲಿ ಹಿಡಿದು ನೋಡಿದರೆ ಮೈಯೆಲ್ಲ ಮರಳು ಕಾಗದ. ಬಣ್ಣದ ಹನಿ ಗೊಂಬೆ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ, ಪುಡಿಯಾಗಿ ಕೂತಿತ್ತು. ಅದರ ಜೊತೆ ನಮ್ಮೂರ ಕೆಂಪು ಧೂಳು ಉಚಿತ. ಆರನ್ನೂ ಮತ್ತೆ ಭರಣಿಗೆ ಹಾಕಬೇಕಾಯಿತು.

ಆಮೇಲೆ ಕಂಡುಕೊಂಡ ಕ್ರಮ ಹೀಗೆ. ಬೆಳಿಗ್ಗೆ ಆರರಿಂದ ಏಳರ ಒಳಗೆ. ಮಾಳಿಗೆ ಬೇಡ, ಗಾಳಿಯಾಡುವ ವರಾಂಡ ಸಾಕು. ಹಿಂದಿನ ರಾತ್ರಿ ಡಬ್ಬಿ ಮನೆಯೊಳಗೆ ತಂಪಾದ ಮೂಲೆಯಲ್ಲಿರಬೇಕು. ಬಿಸಿಲಲ್ಲಿ ಬಿಟ್ಟರೆ ಒತ್ತಡ ಹೆಚ್ಚಿ ಡಬ್ಬಿ ಸಿಡಿಯಬಹುದು. ದೂರ ಒಂದು ಗೇಣು ಮಾತ್ರ. ಒಂದಡಿ ಜಾಸ್ತಿ ಆಯಿತು. ಹೊಡೆತ ಗೊಂಬೆಯಿಂದ ಆಚೆ ಶುರು ಮಾಡಿ, ಗೊಂಬೆ ದಾಟಿಸಿ, ಈಚೆ ನಿಲ್ಲಿಸಬೇಕು. ಒಂದು ತೆಳು ಪದರ, ಕಾಯುವುದು, ಇನ್ನೊಂದು ತೆಳು ಪದರ. ಮೊದಲ ಪರೀಕ್ಷೆಗೆ ಡ್ರಾಯರ್‌ನ ಮುದ್ದೆ ಮಹಾಶಯ ಉಪಯೋಗಕ್ಕೆ ಬಂದ. ಅವನ ಮೇಲೆ ಎಷ್ಟು ಪ್ರಯೋಗ ಆದವೋ ಲೆಕ್ಕವಿಲ್ಲ.

ನಡುವೆ ಒಂದು ಭಾನುವಾರ ಕಿನ್ನಾಳಕ್ಕೆ ಹೋಗಿದ್ದೆ. ಕೊಪ್ಪಳದ ಹತ್ತಿರದ ಊರು, ಗೊಂಬೆಗೆ ಹೆಸರಾದದ್ದು, ಭೌಗೋಳಿಕ ಸೂಚಿ (ಜಿಐ) ಮಾನ್ಯತೆಯೂ ಸಿಕ್ಕಿದೆ. ಅಕ್ಕನ ಹೊಸ ಮನೆಗೆ ಕಾಮಧೇನು ತರಬೇಕಿತ್ತು. ಜೇಬಿನಲ್ಲಿ ಒಬ್ಬ ಕುಳ್ಳನನ್ನೂ ಇಟ್ಟುಕೊಂಡು ಹೋದೆ. ಅಲ್ಲಿ ಚಿತ್ರಗಾರ ಮನೆತನದ ಹಿರಿಯರೊಬ್ಬರು ಕೂತು ಕೆಲಸ ಮಾಡುತ್ತಿದ್ದರು. ಹಗುರ ಮರದಲ್ಲಿ ಕಡೆದ ಭಾಗಗಳನ್ನು ಕೂಡಿಸಿ, ಕೂಡಿದ ಸಂದಿಯ ಮೇಲೆ ಹುಣಸೆ ಬೀಜದ ಅಂಟಿನಿಂದ ಬಟ್ಟೆ ಚೂರು ಅಂಟಿಸುತ್ತಾರೆ. ಅದೇ ಅಂಟಿನಲ್ಲಿ ಕಲಸಿದ ಕಿಟ್ಟ ಅನ್ನುವ ಮುದ್ದೆ ಹಚ್ಚಿ ಮೈ ತುಂಬುತ್ತಾರೆ. ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಒಡವೆ, ಅಂಚು ಇತ್ಯಾದಿ ಉಬ್ಬು ಕೆಲಸವೂ ಆ ಕಲ್ಲಿನ ಪುಡಿಯದೇ. ಬಣ್ಣ ಆಮೇಲೆ. ಅಂದರೆ ಪಿನ್ನು, ಪುಟ್ಟಿ, ಪ್ರೈಮರ್, ಎಲ್ಲ ಇಲ್ಲೇ ಇದೆ. ನಾನು ಎಲ್ಲೆಲ್ಲೋ ಓದಿ ಕಲಿಯುತ್ತಿದ್ದೆ.

ಕುಳ್ಳನನ್ನು ತೆಗೆದು ತೋರಿಸಿದೆ. ಅವರು ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಉಗುರಿನಿಂದ ಗಡ್ಡ ಮೆಲ್ಲಗೆ ಕೆರೆದರು.

"ತಳಾ ಏನ್ ಹಚ್ಚೀರಿ ಇದಕ್ಕ?"

"ಸ್ಪ್ರೇ ಪ್ರೈಮರ್, ಅಜ್ಜಾರ. ಎರಡು ಸಲ."

"ದಪ್ಪ ಆಗೇತಿ. ಕೂದ್ಲ ಮುಚ್ಚೇತಿ ನೋಡ್ರಿ. ತಳಾ ಕಾಣಬಾರ್ದು, ಹಿಡೀಬೇಕು ಅಷ್ಟ."

ಮನೆಗೆ ಬಂದು ಭೂತಗನ್ನಡಿಯಲ್ಲಿ ನೋಡಿದರೆ ಅವರು ಬರಿಗಣ್ಣಲ್ಲಿ ಹೇಳಿದ್ದು ನಿಜ. ನಾಲ್ವರೂ ಇನ್ನೊಮ್ಮೆ ಅಸಿಟೋನ್ ಕಂಡರು. ಈ ಸಲ ಪ್ರೈಮರ್ ಒಂದೇ ಪದರ. ಬಿಟ್ಟುಹೋದ ಕಡೆ ಬ್ರಷ್‌ನಿಂದ ಮುಟ್ಟಿಸಿದೆ.

ಬಣ್ಣಕ್ಕೆ ಬಂದರೆ, ಸಿಟಡೆಲ್, ವಲ್ಲೆಹೋ ಥರದ ಮಿನಿಯೇಚರ್ ಬಣ್ಣ ನನ್ನ ಹತ್ತಿರ ಇದ್ದದ್ದು ನಾಲ್ಕೈದು ಬಾಟಲಿ. ಉಳಿದದ್ದು ಸ್ಟೇಷನರಿ ಅಂಗಡಿಯ ಕ್ಯಾಮ್ಲಿನ್, ಫೆವಿಕ್ರಿಲ್ ಅಕ್ರಿಲಿಕ್. ಇವು ಕ್ಯಾನ್ವಾಸಿಗೆ, ಬಟ್ಟೆಗೆ ಮಾಡಿದವು. ಹಾಗೇ ಹಚ್ಚಿದರೆ ಗೊಂಬೆ ಮೇಲೆ ಗಟ್ಟಿ ಮೊಸರಿನ ಹಾಗೆ ಕೂರುತ್ತವೆ. ನೀರು ಬೆರೆಸಿ ಹಾಲಿನ ಹದಕ್ಕೆ ತರಬೇಕು, ಒಂದರ ಬದಲು ಮೂರು ಪದರ ಹಚ್ಚಬೇಕು. ಆದರೆ ಫ್ಯಾನಿನ ಕೆಳಗೆ ಆ ಹಾಲು ಎರಡು ನಿಮಿಷಕ್ಕೆ ಕೆನೆಗಟ್ಟುತ್ತದೆ. ಅದಕ್ಕೆ ಒದ್ದೆ ಪ್ಯಾಲೆಟ್. ಟಿಫಿನ್ ಡಬ್ಬಿಯಲ್ಲಿ ಪಾತ್ರೆ ತೊಳೆಯುವ ಸ್ಪಂಜು, ತುಂಬ ನೀರು, ಮೇಲೆ ಬಟರ್ ಪೇಪರ್. ಬಣ್ಣ ಅದರ ಮೇಲೆ. ತಂಪು ದೇಶದವರಿಗೆ ಇದು ಅನುಕೂಲ, ನಮಗೆ ಇದಿಲ್ಲದೆ ಕೆಲಸವೇ ಇಲ್ಲ. ರಾತ್ರಿ ಮುಚ್ಚಳ ಹಾಕಿಟ್ಟರೆ ಮರುದಿನಕ್ಕೂ ಬಣ್ಣ ಹಸಿ ಇರುತ್ತದೆ. ಮೂರನೇ ದಿನ ಸ್ಪಂಜು ನಾರುತ್ತದೆ, ಬದಲಾಯಿಸಿ.

ಎಲುಬಿನ ಬಣ್ಣಕ್ಕೆ ಬಿಳಿ, ಯೆಲ್ಲೋ ಓಕರ್, ಒಂದು ಚೂರು ಕಂದು. ಅದರ ಮೇಲೆ ಕಂದು ವಾಶ್. ವಾಶ್ ಅಂದರೆ ತೀರ ನೀರಾದ ಬಣ್ಣ, ಹರಿದು ಸಂದಿಯಲ್ಲಿ ನಿಲ್ಲುತ್ತದೆ, ನೆರಳಾಗುತ್ತದೆ. ಅಂಗಡಿ ವಾಶ್ ಚಿಕ್ಕ ಬಾಟಲಿಗೇ ದುಬಾರಿ. ನಾನು ಮ್ಯಾಟ್ ಮೀಡಿಯಂ (ಬಣ್ಣವೂ ಹೊಳಪೂ ಇಲ್ಲದ ಅಕ್ರಿಲಿಕ್), ನೀರು, ಕಂದು ಬಣ್ಣ, ಪಾತ್ರೆ ಸೋಪಿನ ಒಂದು ಹನಿ ಸೇರಿಸಿ ಮಾಡಿಕೊಂಡೆ. ಆ ಸೋಪಿನ ಹನಿ ಮುಖ್ಯ. ಇಲ್ಲದಿದ್ದರೆ ವಾಶ್ ಸಂದಿಗೆ ಇಳಿಯದೆ ಗುಳ್ಳೆಯಾಗಿ ನಿಲ್ಲುತ್ತದೆ. ಒಣಗಿದ ಮೇಲೆ ಡ್ರೈಬ್ರಷ್. ಬ್ರಷ್‌ನ ಬಣ್ಣವನ್ನು ಟಿಶ್ಯೂ ಮೇಲೆ ಪೂರ್ತಿ ಒರೆಸಿ, ಒಣ ಬ್ರಷ್‌ನಿಂದ ಸವರಿದರೆ ಉಬ್ಬಿದ ಎಲುಬಿಗೆ ಮಾತ್ರ ಬಿಳಿ ತಾಗುತ್ತದೆ. ಹದಿನೈದು ಗೊಂಬೆಗೆ ಎರಡು ಸಂಜೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಚೆಂದ ಕಾಣುವುದು ಅಸ್ಥಿಪಂಜರ ಮಾತ್ರ. ಮೊದಲ ಸಲ ಮಾಡುವವರು ಇವನ್ನೇ ಕೊಳ್ಳಿ.

ಕುಳ್ಳರು ಹಾಗಲ್ಲ, ಒಬ್ಬೊಬ್ಬನಿಗೆ ಒಂದು ವಾರ. ಮೇಲುಹೊದಿಕೆಯನ್ನು ಕರಿ ಕಂಬಳಿ ಮಾಡಿದೆ, ಅಂಚಿಗೆ ಒಂದು ಕೆಂಪು ಎಳೆ. ಕುರಿ ಕಾಯುವವರ ಹೆಗಲ ಮೇಲೆ ನೋಡಿ ನೋಡಿ ಗೊತ್ತಿರುವ ಬಣ್ಣ. ಕಂಬಳಿ ಕಪ್ಪು ಅಂದರೆ ಅಪ್ಪಟ ಕಪ್ಪಲ್ಲ, ಬಿಸಿಲಿಗೆ ಕಂದು ತಿರುಗಿರುತ್ತದೆ. ಕಪ್ಪಿಗೆ ಕಂದು ಬೆರೆಸಿ, ಮಡಿಕೆಯ ಮೇಲೆ ಬೂದು ಗೆರೆ ಎಳೆದೆ. ಕಣ್ಣಿನ ವಿಷಯದಲ್ಲಿ ಮಾತ್ರ ನಮ್ಮ ಮೂರ್ತಿ ಮಾಡುವವರ ಪದ್ಧತಿಗೆ ಉಲ್ಟಾ. ಅವರು ಕಣ್ಣನ್ನು ಕೊನೆಗೆ ಬರೆಯುತ್ತಾರೆ. ಇಲ್ಲಿ ಮೊದಲೇ ಬರೆಯುವುದು ಒಳ್ಳೆಯದು. ಕೆಟ್ಟರೆ ಸುತ್ತ ಮೈಬಣ್ಣ ಹಚ್ಚಿ ತಿದ್ದಬಹುದು. ನಾನು ಬರೆದ ಎಂಟು ಕಣ್ಣಲ್ಲಿ ಐದು ಸರಿಯಾದವು. ಐದನೆಯವನ ಪಕ್ಕ ನಿಲ್ಲಿಸಿದರೆ ಮೂರು ಅನ್ನಬೇಕು.

ತುಕ್ಕಿಗೆ ಬಣ್ಣ ಕೊಳ್ಳಲೇ ಇಲ್ಲ. ಸಂಡೂರು ರಸ್ತೆಯ ಬದಿಯ ಧೂಳು ಒಂದು ಪೊಟ್ಟಣ ತಂದೆ. ಅದಿರು ಲಾರಿಗಳು ಓಡಾಡಿ ಗಿಡದ ಎಲೆ ಕೂಡ ಕೆಂಪಾಗಿರುವ ಜಾಗ. ಅಲ್ಲಿನ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ತುಕ್ಕೂ ಅದೇ ಜಾತಿ. ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಉಳಿದದ್ದನ್ನು ಮತ್ತೆ ಅರೆದು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮಾಡಿದ ಕೆಲಸ. ಕತ್ತಿ ಮೇಲೆ ಒಣ ಬ್ರಷ್‌ನಿಂದ ಪುಡಿ ಉದುರಿಸಿ, ಬ್ರಷ್ ತುದಿಯಿಂದ ಐಪಿಎಯ ಹನಿ ಬಿಟ್ಟರೆ ಅದು ಹರಡಿ, ಆರಿ, ಪುಡಿ ಅಲ್ಲೇ ಕೂರುತ್ತದೆ. ಮೇಲೆ ಮ್ಯಾಟ್ ವಾರ್ನಿಶ್ ಹೊಡೆಯದಿದ್ದರೆ ಬೆರಳಿಗೆ ಹತ್ತುತ್ತದೆ. ವರ್ಷಗಟ್ಟಲೆ ಈ ಧೂಳನ್ನು ಮೊಬೈಲ್ ಸ್ಪೀಕರಿನಿಂದ ತೆಗೆದು ತೆಗೆದು ಬೇಸತ್ತಿದ್ದೆ. ಅದನ್ನೇ ಜರಡಿ ಹಿಡಿದು ಡಬ್ಬಿಗೆ ತುಂಬಿಡುವ ಕಾಲ ಬಂತು.

ಬೇಸ್ ಬಗ್ಗೆ ನನಗೆ ಮೊದಲಿನಿಂದ ಒಂದು ಆಸೆ ಇತ್ತು. ಪೆಟ್ಟಿಗೆ ಮೇಲಿನ ಚಿತ್ರಗಳಲ್ಲಿ ಯಾವಾಗಲೂ ಹಸಿರು ಹುಲ್ಲು, ಇಲ್ಲಾ ಹಿಮ. ನಮ್ಮ ಅಸ್ಥಿಪಂಜರ ಏಳುವುದಾದರೆ ಎರೆ ಹೊಲದಿಂದಲೇ ಏಳಬೇಕು. ಬೇಸಿಗೆಯಲ್ಲಿ ಎರೆ ಭೂಮಿ ಕಾಲು ಇಳಿಯುವಷ್ಟು ಬಿರಿಯುತ್ತದೆ. ಒಳಗಿನವರು ಹೊರಗೆ ಬರಲು ಬೇರೆ ದಾರಿ ಯಾಕೆ?

ಅಂಗಡಿಯಲ್ಲಿ ಬಿರುಕು ಬಿಡುವ ಪೇಸ್ಟ್ ಸಿಗುತ್ತದೆ. ಆದರೆ ಎರೆ ಮಣ್ಣು ಒಣಗಿದಾಗ ಕುಗ್ಗುವುದು ಅದರ ಗುಣವೇ ಅಲ್ವಾ? ಗೆಳೆಯನ ಹೊಲದಿಂದ ಒಂದು ಹೆಂಟೆ ತಂದು ಪುಡಿ ಮಾಡಿ ಜರಡಿ ಹಿಡಿದೆ. ಮೊದಲ ಸಲ ಫೆವಿಕಾಲ್ ಜಾಸ್ತಿ ಹಾಕಿ ಕಲಸಿದೆ, ಬಿರುಕೇ ಬರಲಿಲ್ಲ, ರೋಡಿನ ಡಾಂಬರಿನ ಹಾಗೆ ನುಣ್ಣಗೆ. ಎರಡನೇ ಸಲ ಬರೀ ನೀರು. ಚೆಂದ ಬಿರಿಯಿತು, ಮುಟ್ಟಿದರೆ ಪೂರ್ತಿ ಹಪ್ಪಳದ ಹಾಗೆ ಎದ್ದು ಬಂತು. ಮೂರನೇ ಸಲ ಕೂಡಿತು. ಬೇಸ್ ಮೇಲೆ ಸೂಜಿಯಿಂದ ಗೀರು ಹಾಕಿ, ತೆಳು ಫೆವಿಕಾಲ್ ಹಚ್ಚಿ, ಅದು ಹಸಿ ಇರುವಾಗಲೇ ನೀರಿನಲ್ಲಿ ಕಲಸಿದ ಮಣ್ಣನ್ನು ಮೂರು ಮಿಲಿಮೀಟರ್ ದಪ್ಪಕ್ಕೆ ಹಾಕಿ, ಬಿಸಿಲಿಗಿಟ್ಟೆ. ಈ ಒಂದು ಕೆಲಸಕ್ಕೆ ಬಳ್ಳಾರಿ ಬಿಸಿಲು ಹೇಳಿ ಮಾಡಿಸಿದ್ದು. ಒಂದು ಗಂಟೆಗೆ ಬಿರಿಯಿತು. ಆಮೇಲೆ ಫೆವಿಕಾಲ್, ನೀರು, ಸೋಪಿನ ಹನಿ ಬೆರೆಸಿ ಬಿರುಕಿನೊಳಗೆ ಹನಿ ಹನಿಯಾಗಿ ಇಳಿಸಿದೆ. ಕುಡಿದುಕೊಂಡು ಗಟ್ಟಿಯಾಯಿತು.

ಸಾಲು ಸಾಲಾಗಿ ಜೋಳದ ಕೂಳೆ ಬೇಕಿತ್ತು. ತೆಂಗಿನ ನಾರನ್ನು ಎರಡು ಮೂರು ಮಿಲಿಮೀಟರ್‌ಗೆ ಕತ್ತರಿಸಿ, ಐದಾರು ಎಳೆ ಒಟ್ಟು ಮಾಡಿ ನೆಟ್ಟೆ. ಗೆಳೆಯ ನೋಡಿ, "ಸಾಲು ಹತ್ರ ಆತಲೇ, ಎತ್ತು ಹ್ಯಾಂಗ್ ಹೋಗಬೇಕು?" ಅಂದ. ಒಂದು ಸಾಲು ಕಿತ್ತೆ.

ಟ್ರೋಲ್ ಇನ್ನೂ ಬೂದು ಪ್ರೈಮರಿನಲ್ಲೇ ನಿಂತಿದೆ. ಅದರ ಚರ್ಮಕ್ಕೆ ಬಳ್ಳಾರಿ ಗುಡ್ಡದ ಬಂಡೆಯ ಬಣ್ಣ ಕೊಡಬೇಕು ಅಂತ ಆಸೆ. ಬೆಳಿಗ್ಗೆ ಒಂದು ಬಣ್ಣ, ಸಂಜೆ ಒಂದು ಬಣ್ಣ ಕಾಣುವ ಬಂಡೆ ಅದು. ಯಾವುದನ್ನು ಹಿಡಿಯಲಿ ಅಂತ ತೀರ್ಮಾನ ಆಗಿಲ್ಲ.

ಆಗಸ್ಟ್ ಎರಡನೇ ಭಾನುವಾರ ಅಸ್ಥಿಪಂಜರಗಳನ್ನು ನಾಲ್ಕು ನಾಲ್ಕರ ಸಾಲಿನಲ್ಲಿ ಅಂಗಡಿ ಕೌಂಟರಿನ ಗಾಜಿನ ಮೇಲೆ ನಿಲ್ಲಿಸಿದೆ. ಅಕ್ಕನ ಮಗ ಬಂದು ಬೆರಳು ಮಾಡಿ ಎಣಿಸಿದ.

"ಮಾಮ, ಹದಿನೈದ ಅದಾವಲ್ಲ. ಹದಿನಾರು ಅಂದಿದ್ದಿ."

ಕೊನೆಯ ಬೇಸನ್ನು ಅವನ ಕಡೆ ತಿರುಗಿಸಿದೆ. ಅದರ ಮೇಲೆ ನಿಂತವರು ಯಾರೂ ಇರಲಿಲ್ಲ. ಎರಡು ಸಾಲು ಕೂಳೆ, ನಡುವೆ ಒಂದು ಅಗಲ ಬಿರುಕು. ಬಿರುಕಿನಲ್ಲಿ ತಲೆ, ಎದೆಗೂಡು, ನೆಲಕ್ಕೆ ಊರಿದ ಒಂದು ಕೈ. ಸೊಂಟದಿಂದ ಕೆಳಗೆ ಮಣ್ಣು.

ಅವನು ಗಲ್ಲ ಗಾಜಿಗೆ ಆನಿಸಿ ತುಂಬ ಹೊತ್ತು ನೋಡಿದ. "ಕಾಲು ಒಳಗ ಅದಾವಾ?" ಅಂದ.

"ಅದಾವು" ಅಂದೆ.